ಹಂಪಿಯ ಮಣ್ಣಿನಲ್ಲೇ ಸಾಕ್ಷಿ ಇದೆ



ಮಿಂಗ್ ಕಾಲದ ಚೀನಾ ಬಾಗಿಲು ಮುಚ್ಚಿ ಕುಳಿತಿತ್ತು, ಕನ್ನಡ ನಾಡಿಗೂ ಅದಕ್ಕೂ ನಂಟೇ ಇರಲಿಲ್ಲ ಎಂದು ಕಳೆದ ಸಂಚಿಕೆಯ ಲೇಖನ ಹೇಳಿದೆ. ಇದು ಒಪ್ಪತಕ್ಕ ಮಾತಲ್ಲ.

ವಿಜಯನಗರದ ಅರಸ ಒಂದನೇ ಬುಕ್ಕರಾಯ 1374ರಲ್ಲೇ ಮಿಂಗ್ ಆಸ್ಥಾನಕ್ಕೆ ರಾಯಭಾರ ಕಳಿಸಿದ್ದ. ಅವನ ರಾಜಧಾನಿಯಾಗಿದ್ದ ಹಂಪಿಯ ಉತ್ಖನನದಲ್ಲಿ ಸಿರಿವಂತರ ಮನೆಗಳಿದ್ದ ಜಾಗದಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಬಿಳಿ ಮೈಮೇಲೆ ನೀಲಿ ಚಿತ್ತಾರ.

ಮಿಂಗ್ ಅರಸರು ಖಾಸಗಿ ಕಡಲ ವ್ಯಾಪಾರಕ್ಕೆ ತಡೆ ಹಾಕಿದ್ದು ನಿಜ. ಆದರೆ 1405ರಿಂದ 1433ರ ನಡುವೆ ನೌಕಾಧಿಪತಿ ಝೆಂಗ್ ಹೆ ಏಳು ಬಾರಿ ಹಡಗುಪಡೆ ಹೊರಡಿಸಿದ್ದೂ ಅದೇ ವಂಶದ ಆಜ್ಞೆಯಿಂದ. ಶ್ರೀಲಂಕಾದ ಗಾಲೆಯಲ್ಲಿ ಸಿಕ್ಕ ಅವನ 1409ರ ಶಾಸನ ಚೀನೀ, ತಮಿಳು, ಪರ್ಷಿಯನ್ ಭಾಷೆಗಳಲ್ಲಿದೆ. ಬುದ್ಧ, ವಿಷ್ಣು, ಅಲ್ಲಾಹ ಮೂವರನ್ನೂ ಸ್ತುತಿಸುತ್ತದೆ. ಬಾಗಿಲು ಮುಚ್ಚಿದವರು ಹೀಗೆ ಬರೆಸುವುದಿಲ್ಲ. ವಿಜಯನಗರದ ಪಾಠ ಮಾಡುವವರು ಅರಬ್ ಕುದುರೆಗಳ ವ್ಯಾಪಾರದ ಜೊತೆ ಈ ಪಿಂಗಾಣಿಯನ್ನೂ ಮಕ್ಕಳಿಗೆ ಹೇಳಲೇಬೇಕು.

– ಓದುಗ, ಹೊಸಕೆರೆಹಳ್ಳಿ, ಬೆಂಗಳೂರು