ಬಂಕಾಪುರದ ಕೋಟೆಯಿಂದ ಅರೋರಾ ಯಾಕೆ ಕಾಣಲ್ಲ?

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿತ್ತು. ಆ ಫೋಟೋಗಳು ಇನ್ನೂ ಮೊಬೈಲಿನಿಂದ ಮೊಬೈಲಿಗೆ ಓಡಾಡ್ತಾನೇ ಇವೆ. ಬಂಕಾಪುರದಲ್ಲಿ ಹೈಸ್ಕೂಲು ಓದುವ ನನ್ನ ಚಿಕ್ಕಪ್ಪನ ಮಗ ಅದನ್ನೇ ಕಳಿಸಿ ಕೇಳಿದ: "ಅಣ್ಣಾ, ನಮ್ಮ ಕೋಟೆ ಮ್ಯಾಲೆ ನಿಂತ್ರ ಇದು ಕಾಣತೈತೇನು?"

"ಇಲ್ಲ" ಅಂದುಬಿಟ್ಟರೆ ಮುಗೀತು. ನಾವೆಲ್ಲ ಸಾಮಾನ್ಯವಾಗಿ ಮಾಡೋದೂ ಅದನ್ನೇ. ಆದರೆ ವಿಜ್ಞಾನ ಶುರುವಾಗಬೇಕಾದ್ದೇ ಅಲ್ಲಿಂದ ಅಂತ ನನ್ನ ವಾದ. ಯಾಕೆ ಕಾಣಲ್ಲ?

ಸೂರ್ಯನಿಂದ ವಿದ್ಯುದಾವೇಶವಿರುವ ಕಣಗಳು ಸದಾ ಹೊರಬೀಳುತ್ತಿರುತ್ತವೆ. ಇದೇ ಸೌರ ಮಾರುತ. ಭೂಮಿಯ ಕಾಂತಕ್ಷೇತ್ರ ಅದನ್ನು ಬಹುಮಟ್ಟಿಗೆ ತಡೆಯುತ್ತೆ. ಸೂರ್ಯ ಜೋರಾಗಿ ಸಿಡಿದಾಗ ಈ ಕಾಂತಕ್ಷೇತ್ರವೇ ಅಲುಗಾಡುತ್ತೆ. ಆಗ ಅದರೊಳಗಿನ ಎಲೆಕ್ಟ್ರಾನುಗಳು ಕಾಂತರೇಖೆಗಳ ಗುಂಟ ಇಳಿದು ಗಾಳಿಯ ಆಕ್ಸಿಜನ್, ನೈಟ್ರೋಜನ್‌ಗೆ ಬಡಿಯುತ್ತವೆ. ಪೆಟ್ಟು ತಿಂದ ಪರಮಾಣು ಆ ಶಕ್ತಿಯನ್ನು ಬೆಳಕಾಗಿ ಬಿಡುತ್ತೆ. ಈ ರೇಖೆಗಳು ನೆಟ್ಟಗೆ ನೆಲಕ್ಕಿಳಿಯೋದು ಧ್ರುವಗಳ ಹತ್ತಿರ. ನಮ್ಮೂರ ಮೇಲೆ ಅವು ಹೆಚ್ಚುಕಮ್ಮಿ ಅಡ್ಡಡ್ಡ ಹಾದುಹೋಗುತ್ತವೆ. ದೂರದ ಕಣಗಳಿಗೆ ಇಲ್ಲಿ ಇಳಿಯೋ ದಾರಿಯೇ ಇಲ್ಲ!

ಹಾಗಾದ್ರೆ ಹಾನ್ಲೆಯಲ್ಲಿ ಕಂಡಿದ್ದು ಹೇಗೆ? ಅದೂ ಹಸಿರು ಬಿಟ್ಟು ಕೆಂಪು? ಹಸಿರು ಹುಟ್ಟೋದು ಸುಮಾರು 100ರಿಂದ 150 ಕಿ.ಮೀ. ಎತ್ತರದಲ್ಲಿ. ಕೆಂಪು 200 ಕಿ.ಮೀ.ಗೂ ಮೇಲೆ. ಕೆಂಪು ಬೆಳಕು ಬಿಡೋಕೆ ಆಕ್ಸಿಜನ್ ಪರಮಾಣುವಿಗೆ ಒಂದೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಯಾರೂ ಡಿಕ್ಕಿ ಹೊಡೆಯದಷ್ಟು ತೆಳುವಾದ ಗಾಳಿ ಇರೋದು ಅಲ್ಲೇ. ಆ ಸಲದ ಸೌರ ಬಿರುಗಾಳಿ 2003ರ ನಂತರದಲ್ಲೇ ಅತಿ ಪ್ರಬಲವಾದದ್ದು. ಬೆಳಕಿನ ಉಂಗುರ ದಕ್ಷಿಣಕ್ಕೆ ಹಿಗ್ಗಿತ್ತು. ದೂರದಿಂದ ಊರಿನ ನೀರಿನ ಟ್ಯಾಂಕಿನ ತುದಿಯಷ್ಟೇ ಕಾಣೋ ಹಾಗೆ, ಹಾನ್ಲೆಗೆ ಅದರ ಮೇಲಿನ ಕೆಂಪು ಮಾತ್ರ ಕಂಡಿತು.

ಇಷ್ಟನ್ನು ಮಕ್ಕಳಿಗೆ ಹೇಳದೆ "ಫಾರಿನ್ ಅದ್ಭುತ" ಅಂತ ಫಾರ್ವರ್ಡ್ ಮಾಡಿ ಸುಮ್ಮನಾಗ್ತೀವಲ್ಲ, ಅದೇ ನನ್ನ ತಕರಾರು. ಇದು ಬರೀ ಫಾರಿನ್ ಸಂಗತಿಯೂ ಅಲ್ಲ. ಮ್ಯಾರಿನರ್-2 ನೌಕೆಯ ಮಾಹಿತಿ ಹಿಡಿದು ಸೌರ ಮಾರುತ ನಿರಂತರವಾಗಿ ಬೀಸುತ್ತೆ ಅಂತ ತೋರಿಸಿದವರಲ್ಲಿ ಒಬ್ಬರು ಉಡುಪಿ ಕಡೆಯ ಅದಮಾರಿನ ಯು. ಆರ್. ರಾವ್. ಹಾನ್ಲೆಯ ದೊಡ್ಡ ದೂರದರ್ಶಕವನ್ನು ನಡೆಸೋದು ಬೆಂಗಳೂರು ಪಕ್ಕದ ಹೊಸಕೋಟೆಯಿಂದ. 2023ರಲ್ಲಿ ಹಾರಿದ ಆದಿತ್ಯ-ಎಲ್1ರಲ್ಲಿ ಸೂರ್ಯನ ಕರೋನಾ ನೋಡುವ ಉಪಕರಣವನ್ನು ಜೋಡಿಸಿದ್ದೂ ಹೊಸಕೋಟೆಯಲ್ಲೇ.

ನಾರ್ವೆಗೆ ಹೋಗಿ ನೋಡೋಕೆ ಲಕ್ಷಗಟ್ಟಲೆ ದುಡ್ಡು ಬೇಕು, ಒಪ್ಪಿದೆ. ಯಾಕೆ, ಹೇಗೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳೋಕೆ ಏನು ಖರ್ಚು? ಏನಂತೀರಿ?