ಹದ ಮಾಡಿದ ರಾಡ್‌ಗೆ ವೆಲ್ಡಿಂಗ್ ಯಾಕ್ರೀ?

ನಮ್ಮ ವರ್ಕ್‌ಶಾಪ್ ಹಿಂದಿನ ಶೆಡ್‌ನಲ್ಲಿ ಪ್ರಾಜೆಕ್ಟ್ ಸೀಸನ್ ಶುರುವಾದ್ರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಹೆಸರು: ಇಎನ್ 19, ಇಎನ್ 24. ಟೋ ಹುಕ್‌ಗೂ ಅದೇ, ಪೆಡಲ್‌ಗೂ ಅದೇ, ಬ್ರಾಕೆಟ್‌ಗೂ ಅದೇ. ಪಿಪಿಟಿಯಲ್ಲಿ ‘ಅಲಾಯ್ ಸ್ಟೀಲ್’ ಅಂತ ಬರೆದರೆ ತೂಕ ಬರುತ್ತೆ ಅನ್ನೋದು ನಿಜ. ಆದರೆ ಆ ರಾಡನ್ನ ನಾವು ನಡೆಸಿಕೊಳ್ಳೋ ರೀತಿ ನೋಡಿದ್ರೆ, ಕೊಟ್ಟ ದುಡ್ಡಿಗೆ ಎಂಎಸ್ ತಂದು ಮಿಕ್ಕಿದ್ದರಲ್ಲಿ ಮಸಾಲೆದೋಸೆ ತಿನ್ನೋದೇ ವಾಸಿ ಅನ್ಸುತ್ತೆ.

ನಡೆಯೋದೇನು? ಅಂಗಡಿಯಿಂದ ಹಾರ್ಡನ್ ಮಾಡಿ ಟೆಂಪರ್ ಮಾಡಿದ ರಾಡ್ ಬರುತ್ತೆ. ಟೆನ್ಸೈಲ್ ಸ್ಟ್ರೆಂತ್ 850 ಮೆಗಾಪಾಸ್ಕಲ್‌ಗಿಂತ ಮೇಲೆ. ತಣ್ಣಗೆ ಬಗ್ಗಲ್ಲ. ಗ್ಯಾಸ್ ಟಾರ್ಚ್ ಹಿಡಿದು ಕೆಂಪಗೆ ಕಾಯಿಸ್ತೀವಿ, ಪೈಪ್ ಸಿಕ್ಕಿಸಿ ಬಗ್ಗಿಸ್ತೀವಿ, ಬಕೆಟ್ ನೀರಿಗೆ ಅದ್ದುತೀವಿ, ಚುಂಯ್ ಅಂತ ಸದ್ದು ಬಂದ್ರೆ ಎಲ್ಲರಿಗೂ ಖುಷಿ. ಆಮೇಲೆ ಸೀದಾ ವೆಲ್ಡಿಂಗ್. ಅಲ್ಲಿಗೆ ಆ ರಾಡ್ ಒಂದು ಸ್ಟೀಲ್ ಅಲ್ಲ, ನಾಲ್ಕೈದು ಸ್ಟೀಲ್. ಬಗ್ಗಿದ ಜಾಗ ಗಾಜಿನ ಹಾಗೆ ಗಡಸು. ಅದರ ಎರಡೂ ಪಕ್ಕ, ಕೆಂಪಾಗದೆ ಬರೀ ಬಿಸಿಯಾದ ಕಡೆ, ಮೊದಲಿನ ಟೆಂಪರಿಂಗ್ ತಾಪ ದಾಟಿ ಮೆತ್ತಗಾಗಿರುತ್ತೆ. ತುದಿಗಳಲ್ಲಿ ಮಾತ್ರ ನಾವು ದುಡ್ಡು ಕೊಟ್ಟ ಇಎನ್ 19 ಉಳಿದಿರುತ್ತೆ.

ವೆಲ್ಡಿಂಗ್ ಕಥೆ ಇನ್ನೂ ಕೆಟ್ಟದು. ಕಾರ್ಬನ್ ಈಕ್ವಿವಲೆಂಟ್ ಸೂತ್ರ ಪರೀಕ್ಷೆಗೆ ಬರೆದಿದ್ದೀವಲ್ಲ, ಇಲ್ಲಿ ಹಾಕಿ ನೋಡಿ. ಇಎನ್ 19ಕ್ಕೆ ಹತ್ತಿರದ 4140 ತಗೊಳ್ಳಿ: ಕಾರ್ಬನ್ 0.40, ಮ್ಯಾಂಗನೀಸ್ 0.88, ಕ್ರೋಮಿಯಂ 0.95, ಮಾಲಿಬ್ಡಿನಂ 0.20. ಮ್ಯಾಂಗನೀಸನ್ನ 6ರಿಂದ, ಕ್ರೋಮಿಯಂ ಮಾಲಿಬ್ಡಿನಂ ಕೂಡಿಸಿ 5ರಿಂದ ಭಾಗಿಸಿ ಕಾರ್ಬನ್‌ಗೆ ಸೇರಿಸಿದ್ರೆ ಸುಮಾರು 0.78. 0.45 ದಾಟಿದ್ರೇನೇ ಹುಷಾರು ಅಂತಾರೆ. ಪ್ರೀಹೀಟ್ ಇಲ್ಲದೆ ಆರ್ಕ್ ಹೊಡೆದ್ರೆ ಬೀಡ್ ಪಕ್ಕದ ಪಟ್ಟಿ ಸರ್ರನೆ ತಣಿದು ಮಾರ್ಟೆನ್ಸೈಟ್ ಆಗುತ್ತೆ. ರಾಕ್‌ವೆಲ್ ಸಿ 50ರ ಮೇಲೆ ಹೋಗಬಹುದು. ತೇವ ಹೀರಿದ ಎಲೆಕ್ಟ್ರೋಡ್‌ನಿಂದ ಹೈಡ್ರೋಜನ್ ಒಳಗೆ ಸೇರಿದ್ರಂತೂ ಬಿರುಕು ತಕ್ಷಣ ಕಾಣೋದೂ ಇಲ್ಲ. ಗಂಟೆಗಳಾದ ಮೇಲೆ, ಕೆಲವು ಸಲ ಮಾರನೇ ದಿನ ಬಿಡುತ್ತೆ. ಇಂಥ ಸ್ಟೀಲ್‌ಗಳ ಜಾಯಿಂಟನ್ನ 48 ಗಂಟೆ ಕಾದು ಪರೀಕ್ಷೆ ಮಾಡೋ ಪದ್ಧತಿ ಇರೋದು ಇದಕ್ಕೇ. ನಾವೋ, ಈವೆಂಟ್‌ಗೆ ಹೊರಡೋ ಹಿಂದಿನ ರಾತ್ರಿ ವೆಲ್ಡ್ ಮಾಡ್ತೀವಿ. ಆ ಗಾಡೀಲಿ ಕೂರೋದು ನಮ್ಮ ಪಕ್ಕದ ಬೆಂಚಿನವನೇ.

ಊರಿನ ಕುಲುಮೆಯಲ್ಲಿ ಮಚ್ಚು ಮಾಡೋದನ್ನ ನೋಡಿದವರಿಗೆ ಕ್ರಮ ಗೊತ್ತು. ಕಾಯಿಸೋದು, ಬಡಿಯೋದು, ಬಗ್ಗಿಸೋದು ಎಲ್ಲ ಮೊದಲು. ಹದ ಕೊಡೋದು ಕೊನೆಗೆ. ಹದ ಕೊಟ್ಟ ಮಚ್ಚನ್ನ ಮತ್ತೆ ಬೆಂಕಿಗೆ ಹಿಡಿದ್ರೆ ಹದ ಹೋಯ್ತು, ಮತ್ತೆ ಮೊದಲಿಂದ. ಫೇಸ್ ಡಯಾಗ್ರಾಂ ಬಿಡಿಸೋ ನಾವು ಇದನ್ನ ತಲೆಕೆಳಗು ಮಾಡ್ತೀವಿ.

ಇಎನ್ 19 ಬೇಕೇ ಬೇಕು ಅಂದ್ರೆ ಅನೀಲ್ ಮಾಡಿದ ರಾಡ್ ತನ್ನಿ. 900ರಿಂದ 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಅಂದ್ರೆ ಕಿತ್ತಳೆ ಬಣ್ಣ. ಬಿಸಿಲಲ್ಲಿ ನಿಂತು ಬಣ್ಣ ನೋಡಿದ್ರೆ ಮೋಸ ಹೋಗ್ತೀರ, ನೆರಳಲ್ಲಿ ನೋಡಿ. ಬಣ್ಣ ಇಳೀತಾ ಬಂದಾಗ ಬಗ್ಗಿಸೋದು ನಿಲ್ಲಿಸಿ ಮತ್ತೆ ಕಾಯಿಸಿ. ಮುಖ್ಯವಾಗಿ 200ರಿಂದ 350 ಡಿಗ್ರಿ ನಡುವೆ, ‘ಸ್ವಲ್ಪ ಬೆಚ್ಚಗಿದೆಯಲ್ಲ’ ಅಂತ ಜಗ್ಗಬೇಡಿ. ಬಗ್ಗಿದ ಮೇಲೆ ನೀರಿನ ಬಕೆಟ್ ದೂರ ಇಡಿ, ಒಣ ಮರಳಲ್ಲೋ ಬೂದಿಯಲ್ಲೋ ಹೂತು ಬಿಡಿ. ಆಮೇಲೆ ಇಡೀ ರಾಡನ್ನ, ಬಗ್ಗಿದ ಜಾಗ ಮಾತ್ರ ಅಲ್ಲ, 850 ಡಿಗ್ರಿ ಹತ್ತಿರ ಕಾಯಿಸಿ ಎಣ್ಣೆಗೆ ಅದ್ದಿ, 600ರ ಆಸುಪಾಸಿನಲ್ಲಿ ಟೆಂಪರ್ ಮಾಡಬೇಕು. ಇದು ಶೆಡ್ ಕೆಲಸ ಅಲ್ಲ, ಪೀಣ್ಯದಲ್ಲಿ ಹೀಟ್ ಟ್ರೀಟ್‌ಮೆಂಟ್‌ನವರಿದ್ದಾರೆ. ಗ್ರೇಡ್ ಕೇಳ್ತಾರೆ, ಎಷ್ಟು ಹಾರ್ಡ್‌ನೆಸ್ ಬೇಕು ಅಂತ ಕೇಳ್ತಾರೆ. ಉತ್ತರ ಇಟ್ಕೊಂಡು ಹೋಗಿ. ಎಣ್ಣೆಯಲ್ಲಿ ಅದ್ದಿದಾಗ ಆಕಾರ ಸ್ವಲ್ಪ ಸೊಟ್ಟ ಆಗುತ್ತೆ, ಹಾಗಾಗಿ ತೂತಿನ ಕೊನೇ ಅಳತೆ ಆಮೇಲೆ.

ವೆಲ್ಡ್ ತಪ್ಪಿಸೋಕೇ ಆಗಲ್ಲ ಅಂದ್ರೆ ಅದು ಹದಕ್ಕಿಂತ ಮುಂಚೆ. 250 ಡಿಗ್ರಿ ಹತ್ತಿರ ಪ್ರೀಹೀಟ್, ಒಣಗಿಸಿದ ಲೋ ಹೈಡ್ರೋಜನ್ ರಾಡ್, ನಿಧಾನಕ್ಕೆ ತಣಿಸೋದು. ಇಲ್ಲೂ ಒಂದು ಕೊಕ್ಕೆ ಇದೆ: ಮಾಮೂಲಿ 7018 ಬೀಡ್ ಹಾರ್ಡನಿಂಗ್‌ಗೆ ರಾಡ್‌ನಷ್ಟು ಗಡಸಾಗಲ್ಲ, ಅದಕ್ಕೆ ಸರಿಹೊಂದೋ ಅಲಾಯ್ ಫಿಲ್ಲರ್ ಬೇಕು. ಹದ ಆದಮೇಲೆ ವೆಲ್ಡ್ ಮಾಡಲೇಬೇಕಾದ ಅನಿವಾರ್ಯ ಬಂದ್ರೆ, ಟೆಂಪರಿಂಗ್ ತಾಪಕ್ಕಿಂತ ಒಂದು 30 ಡಿಗ್ರಿ ಕೆಳಗೆ ಸ್ಟ್ರೆಸ್ ರಿಲೀವ್ ಮಾಡಬೇಕು. ಟೆಂಪರ್ ಎಷ್ಟಕ್ಕೆ ಮಾಡಿದ್ರು ಅನ್ನೋದೇ ಗೊತ್ತಿಲ್ಲದಿದ್ರೆ ಅದೂ ಆಗಲ್ಲ.

ಇಷ್ಟೆಲ್ಲ ಓದಿ ಸುಸ್ತಾಯ್ತಾ? ಅದಕ್ಕೇ ನಾನು ಎಂಎಸ್ ಪಕ್ಷ. ಬಾಗುವಿಕೆ ಲೆಕ್ಕದಲ್ಲಿ ಬರೋ ಯಂಗ್ಸ್ ಮಾಡ್ಯುಲಸ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ, 205 ಗಿಗಾಪಾಸ್ಕಲ್ ಆಸುಪಾಸು. ಬ್ರಾಕೆಟ್ ಅಲ್ಲಾಡ್ತಿದೆ ಅಂತ ಇಎನ್ 24 ಹಾಕಿದ್ರೆ ಅಷ್ಟೇ ಅಲ್ಲಾಡುತ್ತೆ. 16 ಮಿಲಿಮೀಟರ್ ರಾಡನ್ನ 18ಕ್ಕೆ ಏರಿಸಿ, ತೂಕ ಸುಮಾರು 27 ಪರ್ಸೆಂಟ್ ಜಾಸ್ತಿ, ಆದ್ರೆ ಬಿಗಿ 60 ಪರ್ಸೆಂಟ್ ಜಾಸ್ತಿ. ಆಕ್ಸಲ್, ಗೇರ್, ಸ್ಟಬ್ ಶಾಫ್ಟ್ ಬೇರೆ ಮಾತು. ಅಲ್ಲಿ ಸ್ಟ್ರೆಂತ್ ಬೇಕು, ಅಲಾಯ್ ಬೇಕು, ವೆಲ್ಡ್ ಬೇಡ. ಆಂಟಿ ರೋಲ್ ಬಾರ್‌ಗೂ ಲಿವರ್ ಬೆಸೆಯೋ ಬದಲು ತುದಿಯನ್ನೇ ಬಿಸಿಯಲ್ಲಿ ಬಗ್ಗಿಸಿ ಹದ ಮಾಡಿಸಿ, ಜಾಯಿಂಟೇ ಇರಲ್ಲ.

ಡಿಪಾರ್ಟ್‌ಮೆಂಟಿಗೆ ಒಂದು ಕೋರಿಕೆ. ವೆಲ್ಡಿಂಗ್ ಲ್ಯಾಬ್‌ನಲ್ಲಿ ಪ್ರತಿ ಬ್ಯಾಚೂ ಎಂಎಸ್ ಪಟ್ಟಿ ಬೆಸೀತೀವಿ. ಮಫಲ್ ಫರ್ನೇಸ್ ಇದೆ, ರಾಕ್‌ವೆಲ್ ಮೆಷಿನ್ ಇದೆ. ಇಎನ್ 19ರ ಎರಡು ತುಂಡು ಕೊಡಿ, ಒಂದಕ್ಕೆ ಪ್ರೀಹೀಟ್ ಮಾಡಿ, ಇನ್ನೊಂದಕ್ಕೆ ಮಾಡದೆ ಬೀಡ್ ಹಾಕಿಸಿ, ಕತ್ತರಿಸಿ ಉಜ್ಜಿ ಬೀಡಿನಿಂದ ಹೊರಕ್ಕೆ ಸಾಲಾಗಿ ಹಾರ್ಡ್‌ನೆಸ್ ತೆಗೆಸಿ. ಒಂದು ಮಧ್ಯಾಹ್ನದ ಕೆಲಸ. ಮುಂದಿನ ಗಾಡಿಯ ಚಾಸಿ ಕೆಲಸ ಶುರುವಾಗೋದ್ರೊಳಗೆ ಆದ್ರೆ, ಆ ರೀಡಿಂಗ್‌ಗಳನ್ನ ಶೆಡ್ ಗೋಡೆಗೆ ನಾನೇ ಅಂಟಿಸ್ತೀನಿ.