ದುಡ್ಡಿನ ಮಾತು 6: ನಮ್ಮ ಎಸ್‌ಐಪಿಗಿಂತ ಮುಂಚೆ ಓಡೋರು

ಹೋದ ಪೋಸ್ಟ್ ನೋಡಿ ಗುಂಡ್ಲುಪೇಟೆ ಬಸ್ ಬ್ಯಾಚಿನವರೆಲ್ಲ ಒಂದೇ ಪ್ರಶ್ನೆ ಕೇಳಿದ್ರಿ: ಫಂಡ್ ಮ್ಯಾನೇಜರ್‌ಗೆ ಎಲ್ಲ ಮುಂಚೆನೇ ಗೊತ್ತಿರುತ್ತಲ್ಲ, ತನಗೂ ಒಂದಿಷ್ಟು ಮಾಡ್ಕೊಳ್ಳಲ್ವಾ?

ಬ್ಯಾಲೆನ್ಸ್ ಶೀಟ್ ಓದಿ, ಬೇರೆಯವರಿಗಿಂತ ಮುಂಚೆ ಒಳ್ಳೆ ಷೇರು ಗುರುತಿಸೋದು ಅವರ ಕೆಲಸ. ಅದಕ್ಕೇ ನಾವು ಫೀಸು ಕೊಡೋದು. ಫಂಡ್ ಏರಲಿ ಇಳೀಲಿ, ಆ ಫೀಸು ನಮ್ಮ ದುಡ್ಡಿನಿಂದ ಕಟ್ ಆಗ್ತಾನೇ ಇರುತ್ತೆ. ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇನ್ನೊಂದು ಮಾಹಿತಿ ಬಗ್ಗೆ: ನಮ್ಮ ಫಂಡೇ ನಾಳೆ ಏನು ಕೊಳ್ಳುತ್ತೆ ಅನ್ನೋದು.

ತೆರಕಣಾಂಬಿ ಮಾರ್ಕೆಟ್ ಕಣ್ಮುಂದೆ ತಂದ್ಕೊಳ್ಳಿ. ಕೇರಳದ ದೊಡ್ಡ ವ್ಯಾಪಾರಿ ನಾಳೆ ಹತ್ತು ಲೋಡ್ ಟೊಮೆಟೊ ಎತ್ತಬೇಕು ಅಂತ ತನ್ನ ಗುಮಾಸ್ತನಿಗೆ ಹೇಳ್ತಾನೆ. ಗುಮಾಸ್ತ ಬೆಳಕು ಹರಿಯೋ ಮುಂಚೆ ಬಾಮೈದನ ಹೆಸರಲ್ಲಿ ಎರಡು ಲೋಡ್ ಹಿಡಿದಿಟ್ಟು, ರೇಟ್ ಏರಿದ ಮೇಲೆ ಯಜಮಾನನಿಗೇ ಮಾರ್ತಾನೆ. ಷೇರುಪೇಟೆಯಲ್ಲಿ ಇದಕ್ಕೆ ಫ್ರಂಟ್ ರನ್ನಿಂಗ್ ಅಂತಾರೆ. ಇಲ್ಲಿ ಯಜಮಾನ ಅಂದ್ರೆ ನೀವು, ತಿಂಗಳಿಗೆ 500 ರೂಪಾಯಿ ಹಾಕೋರು.

ಕಥೆ ಅಲ್ಲ ಇದು. ಎಚ್‌ಡಿಎಫ್‌ಸಿ ಮ್ಯೂಚುವಲ್ ಫಂಡಿನ ಡೀಲರ್ ಆಗಿದ್ದ ನೀಲೇಶ್ ಕಪಾಡಿಯಾ ಅವರನ್ನ 2014ರಲ್ಲಿ ಸೆಬಿ 10 ವರ್ಷ ಮಾರುಕಟ್ಟೆಯಿಂದ ಹೊರಗಿಟ್ಟಿತು. 2022ರ ಮೇನಲ್ಲಿ ಆಕ್ಸಿಸ್ ಮ್ಯೂಚುವಲ್ ಫಂಡ್ ತನ್ನ ಮುಖ್ಯ ಡೀಲರ್ ವಿರೇಶ್ ಜೋಶಿ ಮತ್ತು ಇನ್ನೊಬ್ಬ ಮ್ಯಾನೇಜರನ್ನ ಅಮಾನತು ಮಾಡಿತು. 2023ರ ಫೆಬ್ರವರಿಯಲ್ಲಿ ಸೆಬಿ ಜೋಶಿ ಸೇರಿ 21 ಮಂದಿ ಹಾಗೂ ಸಂಸ್ಥೆಗಳನ್ನ ತಡೆದು, 30.55 ಕೋಟಿ ರೂಪಾಯಿ ಜಪ್ತಿಗೆ ಆದೇಶಿಸಿತು. ಅದು ಮಧ್ಯಂತರ ಆದೇಶ, ಕೊನೇ ತೀರ್ಪಲ್ಲ, ನೆನಪಿರಲಿ. 2025ರ ಆಗಸ್ಟ್‌ನಲ್ಲಿ ಇ.ಡಿ. ಜೋಶಿ ಅವರನ್ನ ಬಂಧಿಸಿತು.

'500ರಲ್ಲಿ ಎಷ್ಟು ಪೈಸೆ ಹೋಗುತ್ತೆ, ಬಿಡಪ್ಪ' ಅಂತೀರಾ? ನನಗೆ ಸಿಟ್ಟು ಬರೋದೇ ಈ ಮಾತಿಗೆ. ಫಂಡ್ ಸ್ವಲ್ಪ ದುಬಾರಿಗೆ ಕೊಂಡಿತು, ಎನ್‌ಎವಿ ಕೂದಲೆಳೆಯಷ್ಟು ಕಮ್ಮಿ ಆಯ್ತು, ಆ್ಯಪ್‌ನಲ್ಲಿ ಅದಕ್ಕೊಂದು ಸಾಲೂ ಇಲ್ಲ. ಜೇಬಿಂದ 50 ಹೊಡೆದ್ರೆ ಬಸ್ ಸ್ಟ್ಯಾಂಡೇ ಎದ್ದು ನಿಲ್ಲುತ್ತೆ. ಲಕ್ಷಾಂತರ ಜನರಿಂದ ಪೈಸೆ ಪೈಸೆ ಹೊಡೆದ್ರೆ ದೂರು ಕೊಡೋಕೂ ಯಾರೂ ಇರಲ್ಲ.

ಮ್ಯಾನೇಜರ್‌ಗಳ ಸಂಬಳದಲ್ಲಿ 20% ಅವರದೇ ಫಂಡಿನ ಯೂನಿಟ್ ಆಗಿ ಕೊಡಬೇಕು ಅನ್ನೋ ನಿಯಮ 2021ರಲ್ಲಿ ಬಂತು, ಆಮೇಲೆ ಸಡಿಲನೂ ಆಯ್ತು. ಒಳ್ಳೇ ನಿಯಮನೇ, ಆದ್ರೆ ಬಾಮೈದನ ಖಾತೆಗೆ ಬರೋದು ಅದಕ್ಕಿಂತ ಜಾಸ್ತಿ ಇದ್ರೆ ಏನು ಪ್ರಯೋಜನ? 2024ರಲ್ಲಿ ಸೆಬಿ ಕಾವಲು ವ್ಯವಸ್ಥೆ ಇಡಿ ಅಂತ ಫಂಡ್ ಕಂಪನಿಗಳಿಗೇ ಹೇಳಿತು. ನನ್ನ ಕೇಳಿದ್ರೆ ಅಷ್ಟು ಸಾಲದು. ತಪ್ಪು ಸಾಬೀತಾದಾಗ ವಸೂಲಾದ ಹಣ ಅದೇ ಫಂಡಿಗೆ ವಾಪಸ್ ಬೀಳಬೇಕು, ಎನ್‌ಎವಿಯಲ್ಲಿ ಕಾಣಬೇಕು. ಕಳಕೊಂಡವರು ನಾವು ತಾನೇ.

ಎಸ್‌ಐಪಿ ನಿಲ್ಲಿಸಿ ಅಂತಿಲ್ಲ. ನನ್ನದೂ ನಡೀತಿದೆ.

#ದುಡ್ಡಿನಮಾತು #ಚಾಮರಾಜನಗರ #ಗುಂಡ್ಲುಪೇಟೆ #ಬಿಕಾಂ